ಗಿಟಾರಿನ ಸಡಿಲಾದ ಗೂಟ



ಕಳೆದ ವಾರ್ಷಿಕೋತ್ಸವದ ಪೂರ್ವಾಭ್ಯಾಸದಲ್ಲಿ ಹತ್ತನೆಯ ತರಗತಿಯ ಬಾಲಕನೊಬ್ಬನ ಗಿಟಾರು ಹೆಗಲ ಪಟ್ಟಿಯಿಂದ ಕಳಚಿ ವೇದಿಕೆಯ ಮೇಲೆ ಬಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ವಾದ್ಯವು ಅವನದಲ್ಲ. ಬೇಗಂ ಬಜಾರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅವನ ಅಣ್ಣನು ಸಂಬಳದಲ್ಲಿ ಉಳಿಸಿ ಕೊಂಡುದು. ಬಿದ್ದ ರಭಸಕ್ಕೆ ಪಕ್ಕದ ಹಲಗೆಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು. ಹುಡುಗನು ಅಳಲಿಲ್ಲ, ಆದರೆ ಅಣ್ಣನಿಗೆ ಏನೆಂದು ಹೇಳಲಿ ಎಂಬ ಚಿಂತೆಯಿಂದ ಅವನ ಮುಖ ಬಾಡಿಹೋಗಿತ್ತು. ವಿಚಾರಿಸಲಾಗಿ, ಪಟ್ಟಿಯನ್ನು ಸಿಕ್ಕಿಸುವ ಗೂಟವು ಒಂದು ತಿಂಗಳಿಂದ ಅಲುಗಾಡುತ್ತಿತ್ತೆಂದೂ, ತಾನು ಅದಕ್ಕೆ ದಾರ ಸುತ್ತಿ ಒತ್ತಿ ಕೂರಿಸುತ್ತಿದ್ದನೆಂದೂ ಒಪ್ಪಿಕೊಂಡನು. ನಾಲ್ಕು ಕಡ್ಡಿಗಳಿಂದಲೂ ಒಂದು ತೊಟ್ಟು ಅಂಟಿನಿಂದಲೂ ತೀರಬಹುದಾಗಿದ್ದ ಕೆಲಸವದು.

ಮೊದಲು ಆ ಗೂಟವು ನಿಲ್ಲುವ ಬಗೆಯನ್ನು ತಿಳಿಯೋಣ. ಗಿಟಾರಿನ ಒಡಲು ಒಂದು ಟೊಳ್ಳು ಪೆಟ್ಟಿಗೆ. ಅದರ ಪಕ್ಕದ ಹಲಗೆ ಸುಮಾರು 2 ಮಿಲಿಮೀಟರಿನಷ್ಟು ಮಾತ್ರ ದಪ್ಪ; ಅಷ್ಟು ತೆಳುವಾದ ಹಲಗೆಯು ತಾನೊಂದೇ ತಿರುಪುಮೊಳೆಯನ್ನು ಹಿಡಿದಿಡಲಾರದು. ಆದಕಾರಣ ವಾದ್ಯದ ಬುಡದಲ್ಲಿ, ಒಳಮಗ್ಗುಲಿಗೆ, ಗಟ್ಟಿಮರದ ದಿಮ್ಮಿಯೊಂದನ್ನು ಅಂಟಿಸಿರುತ್ತಾರೆ. ಗೂಟದ ಮೊಳೆಯು ಹಲಗೆಯನ್ನು ದಾಟಿ ಆ ದಿಮ್ಮಿಯೊಳಕ್ಕೆ ಇಳಿಯುತ್ತದೆ. ಮೊಳೆಯ ಸುರುಳಿಗಳು ಮರದ ನಾರುಗಳನ್ನು ಕೊರೆದು ತಮಗೆ ತಕ್ಕ ಪಡಿಯಚ್ಚನ್ನು ಮಾಡಿಕೊಳ್ಳುತ್ತವೆ. ಎರಡು ಸುರುಳಿಗಳ ನಡುವೆ ಉಳಿದ ಮರದ ಏಣೇ ನಿಜವಾಗಿ ಭಾರವನ್ನು ಹೊರುವುದು.

ಗಿಟಾರಿನ ತೂಕವಾದರೋ ಸುಮಾರು 2 ಕಿಲೋಗ್ರಾಂ. ಇಷ್ಟು ಭಾರಕ್ಕೆ ಒಂದು ಮೊಳೆ ಸಾಕು. ಆದರೆ ನುಡಿಸುವವನು ಸುಮ್ಮನೆ ನಿಲ್ಲುತ್ತಾನೆಯೆ? ಬಾಗುತ್ತಾನೆ, ತಿರುಗುತ್ತಾನೆ, ತಾಳಕ್ಕೆ ಕುಣಿಯುತ್ತಾನೆ. ಆಗ ಪಟ್ಟಿಯು ಗೂಟದ ತಲೆಯನ್ನು ಅಡ್ಡಡ್ಡಲಾಗಿ ಎಳೆಯುತ್ತದೆ. ಗೂಟವು ಸನ್ನೆಗೋಲಿನಂತೆ ವರ್ತಿಸಿ ರಂಧ್ರದ ಬಾಯಿಯನ್ನು ಅಗಲಿಸುತ್ತದೆ. ಇದಕ್ಕೆ ನಮ್ಮ ಹೈದರಾಬಾದಿನ ಹವೆಯೂ ನೆರವಾಗುತ್ತದೆ. ವೈಶಾಖದ ಒಣಬಿಸಿಲಿನಲ್ಲಿ ಮರವು ಸಂಕೋಚಗೊಳ್ಳುವುದು, ಮೃಗಶಿರ ಮಳೆಯ ತೇವದಲ್ಲಿ ಉಬ್ಬುವುದು. ಕಬ್ಬಿಣದ ಮೊಳೆ ಮಾತ್ರ ಇದ್ದಂತೆಯೇ ಇರುವುದು. ಹೀಗೆ ವರ್ಷ ವರ್ಷವೂ ಅವೆರಡರ ಹಿಡಿತ ಸಡಿಲವಾಗುತ್ತ ಬರುತ್ತದೆ.

ನಾನೂ ಇಲ್ಲಿ ಒಂದು ತಪ್ಪು ಮಾಡಿದೆನು. ಮೊಳೆ ಸಣ್ಣದಾಯಿತು, ದಪ್ಪನೆಯದೊಂದನ್ನು ತಂದರಾಯಿತು ಎಂದು ಬಗೆದು ಹುಡುಗನೊಡನೆ ಬೇಗಂ ಬಜಾರಿಗೆ ಹೊರಟೆನು. ಅಫ್ಜಲ್‌ಗಂಜಿನಲ್ಲಿ ಬಸ್ಸಿಳಿದು, ಹಿತ್ತಾಳೆ ಪಾತ್ರೆಗಳ ಸಾಲನ್ನೂ ಮೆಣಸಿನಕಾಯಿಯ ಘಾಟನ್ನೂ ದಾಟಿ ಕಬ್ಬಿಣದ ಸಾಮಾನಿನ ಅಂಗಡಿಯನ್ನು ಹೊಕ್ಕೆವು. ಅದು ಸಗಟು ವ್ಯಾಪಾರದ ಪೇಟೆ. ಒಂದು ಮೊಳೆ ಕೇಳಿದವನನ್ನು ಅಂಗಡಿಯವನು ಮೇಲಿನಿಂದ ಕೆಳಗೆ ನೋಡಿದನು. ನೂರು ಮೊಳೆಗಳ ಡಬ್ಬಿಯನ್ನೇ ಕೊಳ್ಳಬೇಕಾಯಿತು. ದುಡ್ಡು ಕೊಟ್ಟಾದ ಮೇಲೆ, ಪಕ್ಕದಲ್ಲಿ ಸಾಮಾನಿಗಾಗಿ ಕಾದಿದ್ದ ವೃದ್ಧ ಬಡಗಿಯೊಬ್ಬನು ಗೂಟವನ್ನು ಕೈಯಲ್ಲಿ ಹೊರಳಿಸಿ ನೋಡಿ, ಮೊಳೆಗೇನೂ ಆಗಿಲ್ಲ, ಮರ ಸವೆದಿದೆ, ಮರಕ್ಕೆ ಮರವನ್ನೇ ಕೊಡಿ ಎಂದು ದಖನಿಯಲ್ಲಿ ಹೇಳಿದನು. ದಪ್ಪ ಮೊಳೆಯನ್ನು ಬಿಗಿದಿದ್ದರೆ ದಿಮ್ಮಿಯೇ ಸೀಳುತ್ತಿತ್ತಂತೆ. ನನಗೆ ನಾಚಿಕೆಯಾಯಿತು, ಏಕೆಂದರೆ ರಾಯಚೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಬಾಗಿಲಿನ ಕೀಲು ಸಡಿಲವಾದಾಗ ಬಡಗಿಯು ರಂಧ್ರಕ್ಕೆ ಬಿದಿರಿನ ಸೀಳು ತುಂಬಿ ಅದೇ ಮೊಳೆಯನ್ನು ಬಿಗಿಯುವುದನ್ನು ನಾನು ಬಾಲ್ಯದಲ್ಲಿ ಎಷ್ಟೋ ಸಲ ಕಂಡಿದ್ದೆನು.

ಗಿಟಾರಿಗೂ ಬಡಗಿಗೂ ನಂಟು ಹಳೆಯದು. ಇಂದಿನ ಗಿಟಾರಿಗೆ ರೂಪು ಕೊಟ್ಟವರಲ್ಲಿ ಅಗ್ರಗಣ್ಯನಾದ ಸ್ಪೇನಿನ ಆಂಟೋನಿಯೋ ಡಿ ಟೊರೆಸ್ (1817–1892) ಮೊದಲು ಮರಗೆಲಸ ಕಲಿತವನು. ಜರ್ಮನಿಯ ಮಾರ್ಟಿನ್ ಎಂಬವನು ಪೀಠೋಪಕರಣ ಮಾಡುವವರ ಮನೆತನದವನು. ಅಂಥವರು ಗಿಟಾರು ಮಾಡಕೂಡದೆಂದು ಪಿಟೀಲು ಮಾಡುವವರ ಸಂಘವು ತಕರಾರು ತೆಗೆದಿತ್ತು. ಅವನು 1833ರಲ್ಲಿ ಅಮೇರಿಕೆಗೆ ವಲಸೆ ಹೋಗಿ ಅಲ್ಲಿ ಪ್ರಸಿದ್ಧನಾದನು.

ಇನ್ನು ಕೆಲಸಕ್ಕೆ ಬರೋಣ. ಮೇಜಿನ ಮೇಲೆ ಕಂಬಳಿ ಹಾಸಿ ಗಿಟಾರನ್ನು ಬೆನ್ನಡಿಯಾಗಿ ಮಲಗಿಸಿರಿ. ತಿರುಪುಳಿಯಿಂದ ಗೂಟವನ್ನು ಮೆಲ್ಲನೆ ಬಿಗಿದು ನೋಡಿರಿ. ಒಂದೆರಡು ಸುತ್ತಿಗೆ ಬಿಗಿಯಾಗಿ ನಿಂತರೆ ಅದು ಬರಿಯ ಸಡಿಲ, ಬೇರೇನೂ ಮಾಡತಕ್ಕದ್ದಿಲ್ಲ. ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇದ್ದರೆ ರಂಧ್ರವು ಸವೆದಿದೆಯೆಂದು ತಿಳಿಯಿರಿ. ಆಗ ಗೂಟವನ್ನು ಹೊರತೆಗೆದು, ರಂಧ್ರದೊಳಗಿನ ಮರದ ಪುಡಿಯನ್ನು ಕೊಡವಿ, ಮರಗೆಲಸದ ಬಿಳಿ ಅಂಟನ್ನು ಕಡ್ಡಿಯ ತುದಿಯಿಂದ ಒಳಗೆ ಸವರಿರಿ. ಈ ಅಂಟಿನ ನೀರು ನಾರುಗಳೊಳಕ್ಕೆ ಇಳಿದು ಆರಿಹೋಗುತ್ತದೆ, ಅಂಟು ಮಾತ್ರ ಅಲ್ಲಿ ಉಳಿದು ಗಟ್ಟಿಯಾಗುತ್ತದೆ. ಬಳಿಕ ಮರದ ಹಲ್ಲುಕಡ್ಡಿಗಳನ್ನೋ, ಮದ್ದಿನ ತಲೆ ಕತ್ತರಿಸಿದ ಬೆಂಕಿಕಡ್ಡಿಗಳನ್ನೋ ಅಂಟಿನಲ್ಲಿ ಅದ್ದಿ ರಂಧ್ರ ತುಂಬುವಷ್ಟು ಸೇರಿಸಿರಿ. ಸುತ್ತಿಗೆಯಿಂದ ಮಾತ್ರ ಬಡಿಯಬೇಡಿರಿ. ಹೊರಗೆ ಸೋರಿದ ಅಂಟನ್ನು ಒದ್ದೆಬಟ್ಟೆಯಿಂದ ಆಗಲೇ ಒರೆಸಬೇಕು. ಒಣಗಿದ ಮೇಲೆ ಅದು ಮೆರುಗೆಣ್ಣೆಯನ್ನು ಕಿತ್ತುಕೊಂಡೇ ಬರುತ್ತದೆ.

ಇಲ್ಲಿ ಬೇಕಾದುದು ತಾಳ್ಮೆ. ಒಂದು ಹಗಲು ಒಂದು ರಾತ್ರಿ ಅದನ್ನು ಮುಟ್ಟಬಾರದು. ನಮ್ಮ ಹುಡುಗನು ಮೂರು ಗಂಟೆಗೊಮ್ಮೆ ಬಂದು ಬೆರಳಿನಿಂದ ಒತ್ತಿ ನೋಡುತ್ತಿದ್ದನು. ಕೊನೆಗೆ ಕೋಣೆಗೆ ಬೀಗ ಹಾಕಬೇಕಾಯಿತು. ಮರುದಿನ ಹೊರಚಾಚಿದ ಕಡ್ಡಿಗಳನ್ನು ಹರಿತವಾದ ಅಲಗಿನಿಂದ ಸಮನಾಗಿ ಕೊಯ್ದು, ನಟ್ಟನಡುವೆ ದಬ್ಬಣದಿಂದ ಮೊಳೆಗಿಂತ ಕಿರಿದಾದ ದಾರಿ ಮಾಡಿರಿ. ಮೊಳೆಗೆ ಮೇಣದ ಬತ್ತಿಯನ್ನು ತಿಕ್ಕಿ, ಗೂಟದ ಕೆಳಗೆ ತೊಗಲಿನ ಸಣ್ಣ ಬಿಲ್ಲೆಯನ್ನಿಟ್ಟು ನಿಧಾನವಾಗಿ ತಿರುಗಿಸಿರಿ. ಬಿಲ್ಲೆ ಅದುಮಿದೊಡನೆ ನಿಲ್ಲಿಸಿರಿ. ಇನ್ನೊಂದು ಸುತ್ತು ಎಂಬ ಆಸೆಯಿಂದಲೇ ಹೊಸ ಮರವೂ ಸವೆಯುವುದು.

ಕೆಲವು ಗಿಟಾರುಗಳ ಗೂಟಕ್ಕೆ ತಿರುಪೇ ಇರುವುದಿಲ್ಲ. ಅದು ವೀಣೆಯ ಬಿರಡೆಯಂತೆ ತುದಿಗೆ ಸಣ್ಣದಾಗುತ್ತ ಹೋಗಿ ಬರಿಯ ಘರ್ಷಣೆಯಿಂದ ನಿಲ್ಲುತ್ತದೆ. ಬಿರಡೆ ಜಾರಿದರೆ ಸೀಮೆಸುಣ್ಣ ಸವರುವುದನ್ನು ನೀವು ಕಂಡಿರಬಹುದು. ಇಲ್ಲಿಯೂ ಅದನ್ನೇ ಮಾಡಬಹುದು, ಇಲ್ಲವೆ ತೆಳುಕಾಗದದ ಒಂದು ಸುತ್ತನ್ನು ಹಾಕಿ ಒತ್ತಬಹುದು. ಮತ್ತೆ ಕೆಲವು ಗಿಟಾರುಗಳಲ್ಲಿ ಗೂಟವೇ ಟೊಳ್ಳಾಗಿದ್ದು, ಧ್ವನಿವರ್ಧಕದ ತಂತಿಯನ್ನು ಸೇರಿಸುವ ಬಾಯಿಯಾಗಿರುತ್ತದೆ. ಅದರೊಳಕ್ಕೆ ಕಡ್ಡಿಯನ್ನಾಗಲಿ ಅಂಟನ್ನಾಗಲಿ ಹಾಕಕೂಡದು. ಬಲ್ಲವರ ಕೈಗೆ ಕೊಡಿರಿ.

ಬಾಲಕನು ಸೀಳಿನ ವಿಷಯವನ್ನು ಅಣ್ಣನಿಗೆ ತಾನೇ ತಿಳಿಸಿದನು. ಅಣ್ಣನು ಶಾಲೆಗೆ ಬಂದು ಗೂಟವನ್ನು ಹಿಡಿದೆಳೆದು ನೋಡಿ, ಸೀಳಿನ ಮೇಲೆ ಬೆರಳಾಡಿಸಿ, ಉತ್ಸವದ ದಿನ ಮುಂದಿನ ಸಾಲಿನಲ್ಲಿ ಕುಳಿತಿದ್ದನು. ಮೊಳೆಗಳ ಆ ಡಬ್ಬಿ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ನೂರರಲ್ಲಿ ಒಂದೂ ಖರ್ಚಾಗಿಲ್ಲ. ಬೇಕಾದವರು ಕೇಳಿ ಪಡೆಯಬಹುದು.