ಮೇಲೆ ಪರದೆ, ಬೆನ್ನಿಗೆ ಬಯಲು!

ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಅಂದರೆ ಡೇರೆ ಅಂತ ಯಾರೂ ತಿಳಿಯುವುದಿಲ್ಲ. ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆ ನಿಂತ ರೈತರ ಊರುಗಳಿಗೆ ಅದೇ ಹೆಸರು. ಹೀಗಿರುವಾಗ ಲಿಂಗಸುಗೂರಿನಿಂದ ಮಸ್ಕಿ ಮಾರ್ಗವಾಗಿ ಸಿಂಧನೂರಿಗೆ ಹೊರಟ ಸಂಜೆ ಬಸ್ಸಿನಲ್ಲಿ ನಾನು ಚೀಲ ಬಿಚ್ಚಿ, "ಇದು ಕ್ಯಾಂಪಿಂಗ್ ಜೋಲಿ ನೋಡ್ರೀ" ಎಂದಾಗ ಪಕ್ಕದ ಸೀಟಿನ ಹಿರಿಯರು ಕೇಳಿದ್ದು ಒಂದೇ ಮಾತು:

"ಯಾವ ಕ್ಯಾಂಪಿಂದು ತಮ್ಮಾ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ರಾತ್ರಿ ನಗು ಬರಲಿಲ್ಲ.

ವಿಷಯ ಇಷ್ಟು. ನೆಲ್ಲು ಕೊಯ್ಲಾದ ಮೇಲೆ ರಾಶಿ ಕಣದಲ್ಲೋ ರಸ್ತೆ ಬದಿಯಲ್ಲೋ ಬೀಳುತ್ತದೆ. ಲಾರಿ ಬರುವವರೆಗೆ ಅದನ್ನು ಕಾಯಲು ಒಬ್ಬ ಆಳು ಬೇಕು. ಗದ್ದೆಯಲ್ಲಿ ನೀರು, ಕಾಲುವೆಯಲ್ಲಿ ನೀರು. ಕತ್ತಲಾದರೆ ಸಾಕು, ಗುಂಗಾಡುಗಳ ಸಂತೆ. ಈ ಕಾವಲುಗಾರರಿಗೆ ಪರದೆ ಇರುವ ಜೋಲಿ ಅನುಕೂಲವೇ ಎಂದು ನೋಡಲು, ಶಹರದ ಅಂಗಡಿಯೊಂದರಲ್ಲಿ ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟು ಒಂದನ್ನು ತಂದಿದ್ದೆ. ಕೆಳಗೆ ನೈಲಾನ್ ಬಟ್ಟೆ, ಮೇಲೆ ಪರದೆ, ಪಕ್ಕದಲ್ಲಿ ಜಿಪ್ಪು. ಸಿಂಧನೂರಿನ ಆಚೆ ಪರಿಚಯದವರ ಕಣದಲ್ಲಿ ಎರಡು ಬೇವಿನ ಮರಕ್ಕೆ ಕಟ್ಟಿ, ಜಿಪ್ಪು ಎಳೆದು, ರಾಜನಂತೆ ಮಲಗಿದೆ.

ಬೆಳಗಾಗುವಷ್ಟರಲ್ಲಿ ಮುಖಕ್ಕೆ ಒಂದು ಕಡಿತವಿಲ್ಲ. ಬೆನ್ನು, ತೊಡೆ ಮಾತ್ರ ದದ್ದೆದ್ದು ಕೆಂಪಾಗಿದ್ದವು!

ಕಣ ಕಾಯುವ ತಾತ ನಕ್ಕು ಹೇಳಿದ: "ಮ್ಯಾಲೆ ಪರದೆ ಹಾಕ್ಕೊಂಡಿ, ಬೆನ್ನಿಗೆ ಏನು ಹಾಕ್ಕೊಂಡಿ? ಅದಕ್ಕೇನು ಬಾಗಿಲು ಬೇಕಾ? ಬಟ್ಟಿ ತೆಳ್ಳಗೈತಿ, ಕೆಳಗಿಂದ ಬಂದು ಚುಚ್ಚತೈತಿ." ತನ್ನ ಹರಕು ಕೌದಿಯನ್ನು ಎರಡು ಮಡಿಕೆ ಮಾಡಿ ಜೋಲಿಯೊಳಗೆ ಹಾಸಿದ. ಮರುರಾತ್ರಿ ಹಾಯಾಗಿ ನಿದ್ದೆ.

ಇದೇ ನೋಡಿ ಗುಟ್ಟು. ಮೈ ಬಟ್ಟೆಗೆ ಒತ್ತಿಕೊಂಡಿದ್ದರೆ ಸೊಳ್ಳೆಯ ಸೂಜಿ ತೆಳು ನೈಲಾನನ್ನು ದಾಟುತ್ತದೆ. ಜೋಲಿ ಕೊಳ್ಳುವವರು ತಳಕ್ಕೆ ಎರಡು ಪದರ ಇರುವುದನ್ನು ಕೇಳಿ ಕೊಳ್ಳಿ. ಇಲ್ಲದಿದ್ದರೆ ಅವ್ವ ಹೊಲಿದ ಕೌದಿಯೇ ಸಾಕು. ಮುಂಗಾರು ನೆಲ್ಲಿನ ಸುಗ್ಗಿ ಚಳಿಗಾಲಕ್ಕೆ ಬರುತ್ತದೆ. ಜೋಲಿಯಲ್ಲಿ ಕೆಳಗಿನಿಂದ ಹೊಡೆಯುವ ಥಂಡಿ ಗಾಳಿಗೂ ಅದೇ ಮದ್ದು.

ಕೊಳ್ಳುವಾಗ ಎಣಿಸಿ

ಪರದೆಯ ಕಣ್ಣು ಸಣ್ಣದಿರಬೇಕು. ಒಂದು ಚದರ ಇಂಚಿಗೆ 156 ರಂಧ್ರ ಎಂಬುದು ರೂಢಿಯ ಲೆಕ್ಕ. ಅಂಗಡಿಯಲ್ಲೇ ಸ್ಕೇಲು ಇಟ್ಟು ಎಣಿಸಿ: ಒಂದು ಇಂಚಿಗೆ ಅಡ್ಡಕ್ಕೆ 12, ಉದ್ದಕ್ಕೆ 13 ಕಣ್ಣು ಬಂದರೆ ಸರಿ. ಜಿಪ್ಪು ಒಳಗಿನಿಂದಲೂ ಎಳೆಯಲು ಬರಬೇಕು. ಪರದೆ ಮೈಗೆ ತಾಗದಂತೆ ಮೇಲೊಂದು ದಾರ ಕಟ್ಟಲು ಅನುಕೂಲ ಇರಬೇಕು. ತಾಗಿದರೆ ಅಲ್ಲಿಂದಲೂ ಕಚ್ಚುತ್ತದೆ.

ಸರಕಾರದವರು ಹಂಚುವ ಔಷಧ ಸವರಿದ ಪರದೆ ಇದ್ದವರು ಅದನ್ನು ಬಿಸಿಲಿಗೆ ಒಣಹಾಕಬೇಡಿ, ನೆರಳಿನಲ್ಲಿ ಒಣಗಿಸಿ. ಸುಮಾರು 20 ಸಲ ಒಗೆಯುವವರೆಗೆ ಔಷಧ ಕೆಲಸ ಮಾಡುತ್ತದೆ. ಅಂದರೆ ಮೂರು ವರ್ಷದ ಬಾಳಿಕೆ. ಕಾಲುವೆಯಲ್ಲಿ ಮಾತ್ರ ಒಗೆಯಬಾರದು, ಆ ಔಷಧ ಮೀನಿಗೆ ವಿಷ.

ಕಟ್ಟುವಾಗ ಬಿಗಿಯಬೇಡಿ

ಹಗ್ಗ ಬಿಗಿದಷ್ಟೂ ಭದ್ರ ಎಂದು ನಂಬಿದವರೇ ಹೆಚ್ಚು. ಉಲ್ಟಾ ಸ್ವಾಮಿ! ಹಗ್ಗ ಸಡಿಲಾಗಿ ಇಳಿಜಾರಿನಲ್ಲಿ, ಸುಮಾರು 30 ಡಿಗ್ರಿಯಲ್ಲಿದ್ದರೆ 60 ಕಿಲೋ ತೂಕದ ಮನುಷ್ಯ ಮಲಗಿದಾಗ ಒಂದೊಂದು ಹಗ್ಗದ ಮೇಲೆ ಬೀಳುವ ಎಳೆತ 60 ಕಿಲೋ. ಅದೇ ಹಗ್ಗವನ್ನು ಬಿಗಿದು 10 ಡಿಗ್ರಿಗೆ ತಂದರೆ ಎಳೆತ 170 ಕಿಲೋ ದಾಟುತ್ತದೆ. ಮಧ್ಯರಾತ್ರಿ ಹಗ್ಗ ಹರಿದು ಸೊಂಟ ಮುರಿಯುವುದು ಹೀಗೆಯೇ.

ಕುರ್ಚಿಯಷ್ಟು ಎತ್ತರ ಇರಲಿ, ಬಿದ್ದರೂ ಪ್ರಾಣಕ್ಕೆ ಅಪಾಯವಿಲ್ಲ. ನೇರಕ್ಕೆ ಮಲಗದೆ ತುಸು ಓರೆಯಾಗಿ ಮಲಗಿದರೆ ಬೆನ್ನು ಬಿಲ್ಲಾಗುವುದಿಲ್ಲ. ಬೇವಿನ ಗಟ್ಟಿ ಬೊಡ್ಡೆ ಹುಡುಕಿ. ಜಾಲಿ ಮುಳ್ಳು ಪರದೆಯನ್ನು ಹರಿಯುತ್ತದೆ. ಕರೆಂಟು ಕಂಬಕ್ಕೆ, ನಿಂತ ಲಾರಿಗೆ ಕಟ್ಟಲೇಬೇಡಿ. ಇರುವೆ ಹತ್ತದಂತೆ ಹಗ್ಗಕ್ಕೆ ಸೀಮೆಎಣ್ಣೆ ಅದ್ದಿದ ಚಿಂದಿ ಸುತ್ತುವವರಿದ್ದಾರೆ. ಹಾಗೆ ಮಾಡಿದವರು ಬೀಡಿಯನ್ನು ದೂರವಿಡಿ. ಪರದೆಯೂ ನೈಲಾನೇ, ಕಿಡಿ ಬಿದ್ದರೆ ಕ್ಷಣದಲ್ಲಿ ಮೈಗೆ ಅಂಟುತ್ತದೆ.

ನೆಲ ಬಿಟ್ಟು ಮಲಗುವುದರಿಂದ ಇನ್ನೊಂದು ಲಾಭವಿದೆ. ಕಟ್ಟುಹಾವು ರಾತ್ರಿಯೇ ತಿರುಗುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ನೆಲದಲ್ಲೇ ಮಲಗಬೇಕಾದವರು ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಮಡಿಚಿ ಹಾಕಿದರೆ ಹಾವಿಗೂ ತಡೆ, ಸೊಳ್ಳೆಗೂ ತಡೆ.

ಹಗಲಿನದೇ ಒಂದು ಸೊಳ್ಳೆ

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಡಾಕ್ಟರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕ್ರಿಮಿಯನ್ನು ಕಂಡುಹಿಡಿದರು. ಆಗ ನಮ್ಮ ರಾಯಚೂರು ಜಿಲ್ಲೆಯೂ ಅದೇ ನಿಜಾಮರ ಸೀಮೆಯಲ್ಲಿತ್ತು. ಮಲೇರಿಯಾ ತರುವ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಗದ್ದೆ ನೀರಿನಲ್ಲಿ ಹುಟ್ಟುವ ಮಿದುಳು ಜ್ವರದ ಸೊಳ್ಳೆಯದೂ ರಾತ್ರಿ ಪಾಳಿಯೇ. ಆದ್ದರಿಂದ ದೀಪ ಹಚ್ಚುವ ಹೊತ್ತಿಗೇ ಪರದೆ ಕಟ್ಟಬೇಕು, ನಿದ್ದೆ ಬಂದ ಮೇಲಲ್ಲ.

"ನಮ್ಮದು ಒಣ ಭೂಮಿ, ನಮಗೇನು ಚಿಂತಿ" ಎಂದು ಲಿಂಗಸುಗೂರು ಕಡೆಯವರು ಆರಾಮ ಕೂಡುವಂತಿಲ್ಲ. ಡೆಂಗಿ ಸೊಳ್ಳೆ ಹುಟ್ಟುವುದು ಮನೆಯ ಹಂಡೆ, ಡ್ರಮ್ಮು, ಸಿಂಟೆಕ್ಸಿನ ತಿಳಿ ನೀರಿನಲ್ಲಿ, ಕಚ್ಚುವುದು ಹಗಲಿನಲ್ಲಿ. ನಾಟಿಗೆ, ಕಳೆಗೆ ಹೋದ ತಾಯಂದಿರು ಗಿಡಕ್ಕೆ ಸೀರೆ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಾರಲ್ಲ, ಆ ಜೋಲಿಗೆ ಹಗಲೇ ಪರದೆ ಬೇಕು. ಪರದೆ ಕೂಸಿನ ಮುಖಕ್ಕೆ ತಾಗಬಾರದು, ನೋಡಿಕೊಳ್ಳಲು ಒಬ್ಬರು ಹತ್ತಿರವೇ ಇರಬೇಕು.

ಕೊನೆಗೆ ತಾತನ ಮಾತಿಗೆ ಬರೋಣ. ಹೋದ ಸುಗ್ಗಿಯಲ್ಲಿ ಅವನಿಗೆ ಚಳಿಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದನಂತೆ. ಕೂಲಿ ಹೋಯಿತು, ಸೂಜಿ ಗುಳಿಗೆಗೆ ಸಾಲವಾಯಿತು. ಪರದೆ ಯಾಕೆ ತರಲಿಲ್ಲ ಎಂದು ಕೇಳಿದೆ. ರಾಶಿಯ ಕಡೆ ಕೈ ತೋರಿಸಿದ.

"ಅದಕ್ಕ ಎರಡು ತಾಡಪತ್ರಿ ಹೊದಿಸ್ಯಾರ ನೋಡು. ಅದು ತೊಯ್ದರ ರೊಕ್ಕ ಹೋಗತೈತಿ. ನಾ ತೊಯ್ದರ ಏನು ಹೋಗತೈತಿ?"

ನನ್ನ ಬಳಿ ಉತ್ತರವಿರಲಿಲ್ಲ. ಜೋಲಿಯನ್ನು ಅಲ್ಲೇ ಬಿಟ್ಟು ಬಂದೆ. ಆದರೆ ಒಂದು ಜೋಲಿಯಿಂದ ಎಷ್ಟು ಕಣ ಕಾಯಲಾದೀತು? ರಾಶಿಗೆ ತಾಡಪತ್ರಿ ಕೊಳ್ಳುವ ಧಣಿಗಳು, ಅಡತಿ ಅಂಗಡಿ ಸಾವುಕಾರರು ಅದೇ ಚೀಟಿಯಲ್ಲಿ ಇನ್ನೊಂದು ಸಾಲು ಬರೆಸಲಿ: ಕಾಯುವವನಿಗೆ ಪರದೆ, ಒಂದು.