ಮತದಾನದ ಮರುದಿನ ಹಾರಿದ ವಿಮಾನ

ಹಾಸನದಲ್ಲಿ ಮತದಾನ ಮುಗಿದದ್ದು 2024ರ ಏಪ್ರಿಲ್ 26ಕ್ಕೆ. ಮರುದಿನವೇ ಅಲ್ಲಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹಾರಿದರು. ಅಷ್ಟರಲ್ಲಿ ಅವರ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಜಿಲ್ಲೆಯ ತುಂಬ ಕೈಬದಲಾಗಿದ್ದವು. ಹೊಳೆನರಸೀಪುರ ಠಾಣೆಯಲ್ಲಿ ಮೊದಲ ಎಫ್‌ಐಆರ್ ದಾಖಲಾದದ್ದು 28ರಂದು. ಲುಕ್‌ಔಟ್ ನೋಟಿಸ್ ಹೊರಟದ್ದು ಅದಕ್ಕೂ ಆಮೇಲೆ.

ಪರಾರಿಯಾಗಲು ಕತ್ತಲು ಬೇಕಿಲ್ಲ, ಕಳ್ಳದಾರಿ ಬೇಕಿಲ್ಲ. ಲುಕ್‌ಔಟ್ ನೋಟಿಸ್ ಇಲ್ಲದಿದ್ದರೆ ಇಮಿಗ್ರೇಷನ್ ಸಿಬ್ಬಂದಿ ಪಾಸ್‌ಪೋರ್ಟ್‌ಗೆ ಮುದ್ರೆಯೊತ್ತಿ ಕಳಿಸುತ್ತಾರೆ. ಆ ನೋಟಿಸ್‌ಗೆ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಕೋರಿಕೆ ಕಳಿಸಬೇಕು. ಅದಕ್ಕೆ ಮೊದಲು ಪ್ರಕರಣ ದಾಖಲಾಗಬೇಕು. ಅದಕ್ಕೂ ಮೊದಲು ಯಾರಾದರೂ ದೂರು ಕೊಡುವ ಧೈರ್ಯ ಮಾಡಬೇಕು. ಬಲಾಢ್ಯರಿಗೆ ಸಿಗುವ ಕಾಲಾವಕಾಶ ಇದೇ. ಪ್ರಜ್ವಲ್ ಕೈಯಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್ ಬೇರೆ ಇತ್ತು. ಜರ್ಮನಿಗೆ ವೀಸಾದ ಅಗತ್ಯವೂ ಬೀಳಲಿಲ್ಲ.

ಈ ವ್ಯವಸ್ಥೆಯ ಒಳಹೊರಗು ಬಲ್ಲ ಪೊಲೀಸರೇ ಆರೋಪಿಗಳಾದರೆ? ಹೈದರಾಬಾದಿನ ಪಂಜಗುಟ್ಟ ಠಾಣೆಯಲ್ಲಿ ಫೋನ್ ಕದ್ದಾಲಿಕೆ ಪ್ರಕರಣ ದಾಖಲಾದದ್ದು 2024ರ ಮಾರ್ಚ್ 10ಕ್ಕೆ. ತೆಲಂಗಾಣ ವಿಶೇಷ ಗುಪ್ತಚರ ವಿಭಾಗದ ಮಾಜಿ ಮುಖ್ಯಸ್ಥ ಟಿ. ಪ್ರಭಾಕರ ರಾವ್ ಅದೇ ಹೊತ್ತಿಗೆ ಅಮೆರಿಕ ಸೇರಿದರು. ಚಿಕಿತ್ಸೆಗೆ ಹೋದೆ ಎಂದರು, ಆರೋಪಗಳನ್ನು ಅಲ್ಲಗಳೆದಿದ್ದಾರೆ. ಮರಳಿದ್ದು 2025ರ ಜೂನ್‌ನಲ್ಲಿ, ಅದೂ ಸುಪ್ರೀಂ ಕೋರ್ಟ್ ಬಂಧನದಿಂದ ರಕ್ಷಣೆ ಕೊಟ್ಟ ಮೇಲೆ. ತನಿಖೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಖ್ಯ ಆರೋಪಿಯೇ ಸಿಗದಿದ್ದರೆ ನಷ್ಟವಾಗುವುದು ಸಾಕ್ಷ್ಯಕ್ಕೆ, ಸಾಕ್ಷಿಗಳ ನೆನಪಿಗೆ.

ನಮ್ಮ ದಕ್ಷಿಣ ಬೆಂಗಳೂರಿಗೆ ಹಾಸನದ ಪ್ರಕರಣ ದೂರದ ಸುದ್ದಿಯಲ್ಲ. ಪ್ರಜ್ವಲ್ ತಂದೆ ಎಚ್.ಡಿ. ರೇವಣ್ಣ ಅವರನ್ನು ಅಪಹರಣ ಪ್ರಕರಣದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ವಶಕ್ಕೆ ಪಡೆದದ್ದು 2024ರ ಮೇ 4ರಂದು, ಪದ್ಮನಾಭನಗರದ ದೇವೇಗೌಡರ ಮನೆಯಲ್ಲಿ. ಬಳಿಕ ಅವರಿಗೆ ಜಾಮೀನು ಸಿಕ್ಕಿತು. ಪ್ರಜ್ವಲ್‌ಗೆ ಶಿಕ್ಷೆಯಾದ ಪ್ರಕರಣದಲ್ಲಿ, ಮನೆಗೆಲಸದ ಮಹಿಳೆಯ ಮೇಲೆ ಅತ್ಯಾಚಾರ ನಡೆದ ಜಾಗಗಳಲ್ಲಿ ಬಸವನಗುಡಿಯ ಮನೆಯೂ ಒಂದು.

ಇಂಟರ್‌ಪೋಲ್‌ನ ಬ್ಲೂ ಕಾರ್ನರ್ ನೋಟಿಸ್, ಕೋರ್ಟ್ ವಾರಂಟ್, ಪಾಸ್‌ಪೋರ್ಟ್ ರದ್ದತಿಗೆ ರಾಜ್ಯದ ಪತ್ರಗಳು, ಕೇಂದ್ರದ ಶೋಕಾಸ್ ನೋಟಿಸ್ – ಇಷ್ಟಾದ ಮೇಲೆ 2024ರ ಮೇ 31ರ ನಡುರಾತ್ರಿ ಪ್ರಜ್ವಲ್ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರು. ಕರೆದೊಯ್ದದ್ದು ಮಹಿಳಾ ಪೊಲೀಸರು. ಅದನ್ನು ಕಂಡು ಎಷ್ಟು ಹೆಣ್ಣುಮಕ್ಕಳಿಗೆ ಉಸಿರು ಹಗುರಾಗಿರಬೇಕು! ಮನೆಗೆಲಸದ ಆ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದನ್ನು ಪ್ರಶ್ನಿಸಿ ಪ್ರಜ್ವಲ್ ಹೈಕೋರ್ಟ್‌ಗೆ ಹೋಗಿದ್ದಾರೆ.

ಆಕೆಯ ಸೀರೆಯ ಮೇಲಿನ ಡಿಎನ್‌ಎ ಈ ಪ್ರಕರಣದ ಪ್ರಬಲ ಸಾಕ್ಷ್ಯವಾಯಿತು. ಆದರೆ ಅದಕ್ಕೆ ಮಾತು ಕೊಟ್ಟದ್ದು ಕಟಕಟೆಯಲ್ಲಿ ನಿಂತ ಆ ಮಹಿಳೆ. ಓಡಿಹೋಗಲು ಆಕೆಗೆ ಯಾವ ದೇಶವೂ ಇರಲಿಲ್ಲ.