ಮುದ್ದೆ-ಬಸ್ಸಾರಿನ ಊರಲ್ಲೂ ಹೃದಯದ ಚಿಂತೆ

ಯಾರನ್ನಾದರೂ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು ಅಂದ ಕೂಡಲೇ ನಮ್ಮಲ್ಲಿ ಬರುವ ಮೊದಲ ಮಾತು, ‘ಮಾಂಸ, ಬಿರಿಯಾನಿ ಜಾಸ್ತಿ ಆಗಿರ್ಬೇಕು’. ಘಟ್ಟದ ಮೇಲೆ ಸೊಪ್ಪು, ಕಾಳು ತಿನ್ನುವವರಿಗೆ ಈ ಕಾಟ ಇಲ್ಲ ಅಂತಲೂ ನಾವೇ ತೀರ್ಮಾನಿಸಿಬಿಡುತ್ತೇವೆ. ವಿಷಯ ಅಷ್ಟು ಸಲೀಸಾಗಿಲ್ಲ.

ಮೈಸೂರು ಜಿಲ್ಲೆಯ ನಂಜನಗೂಡು, ಟಿ. ನರಸೀಪುರ ಕಡೆಯ ಹಳೆಯ ಊಟವನ್ನೇ ನೋಡಿ. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ, ಅವರೆಕಾಳು. ಮಾಂಸದವರಿಗೂ ಬಾಡೂಟ ಹಬ್ಬಕ್ಕೆ, ನೆಂಟರು ಬಂದಾಗ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶ ಇದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಾಳು, ಸೊಪ್ಪಿನ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕು. ಮುದ್ದೆ ಊಟದ ಗುಟ್ಟು ಇಷ್ಟೇ.

ಆದರೆ ಆ ತಟ್ಟೆ ಅಲ್ಲಿಯೂ ಬದಲಾಗಿದೆ. ಕಬಿನಿ ನಾಲೆ ನೀರು ಹರಿದ ಕಡೆ ಭತ್ತ, ಕಬ್ಬು ಬಂತು. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ರೇಷನ್ ಅಕ್ಕಿ ಮನೆಮನೆ ಸೇರಿತು. ಹಸಿದ ಹೊಟ್ಟೆ ತುಂಬಿಸಿದ ಯೋಜನೆ, ಅದನ್ನು ದೂರುವುದು ನ್ಯಾಯವಲ್ಲ. ಆದರೂ ಮೂರು ಹೊತ್ತು ಬಿಳಿ ಅನ್ನ, ನಾಲ್ಕೈದು ಲೋಟ ಸಕ್ಕರೆ ಟೀ, ಸಂಜೆಗೆ ಪಾಮ್ ಎಣ್ಣೆಯಲ್ಲಿ ಕರಿದ ಬೋಂಡಾ ಅಂತಾದರೆ ಮಾಂಸ ಮುಟ್ಟದವನಿಗೂ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ ಇಳಿಯುತ್ತದೆ.

ಊಟದ ಲೆಕ್ಕ ತಾಯಿಯ ಗರ್ಭದಿಂದಲೇ ಶುರು ಅನ್ನುವುದಕ್ಕೂ ಮೈಸೂರಿನದ್ದೇ ಸಾಕ್ಷಿ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮತ್ತು ಹೆಚ್ಚು ಇದ್ದವರಲ್ಲಿ ಶೇ. 3. ಬಸುರಿ ಸೊಸೆಯ ತಟ್ಟೆಯ ಮೇಲೂ ಮನೆಯವರ ಕಣ್ಣಿರಲಿ.

ಇನ್ನು ನಮ್ಮ ಅಡುಗೆಮನೆ. ಬೂತಾಯಿ, ಬಂಗುಡೆಯಲ್ಲಿರುವ ಒಮೆಗಾ-3 ಕೊಬ್ಬು ಟ್ರೈಗ್ಲಿಸರೈಡ್ ಇಳಿಸಲು ಸಹಾಯ ಮಾಡುತ್ತದೆ. ಕುಚ್ಚಲಕ್ಕಿ ಗಂಜಿಯೂ ಬೆಳ್ತಿಗೆ ಅನ್ನಕ್ಕಿಂತ ವಾಸಿ. ತೊಂದರೆ ಮೀನಿನದ್ದಲ್ಲ, ಅದನ್ನು ಕಾಯಿಸುವ ಎಣ್ಣೆಯದ್ದು. ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ ಏರಿಸುವುದು ಇದೇ. ನೆಲಗಡಲೆ ಎಣ್ಣೆಯಲ್ಲಿ ಅದು ಐದನೇ ಒಂದು ಪಾಲಿನಷ್ಟು. ನೆಯ್‌ಚೋರು ಮದುವೆಗೆ ಇರಲಿ, ಪ್ರತೀ ಶುಕ್ರವಾರಕ್ಕೆ ಬೇಡ. ‘ತೆಂಗಿನೆಣ್ಣೆ ನಮ್ಮ ಹಿರಿಯರು ತಿಂದಿಲ್ವಾ’ ಅಂತ ಉಮ್ಮಂದಿರು ಕೇಳುತ್ತಾರೆ. ತಿಂದಿದ್ದರು, ದಿನಾ ಮೈಲುಗಟ್ಟಲೆ ನಡೆದೂ ಇದ್ದರು. ಇಫ್ತಾರ್‌ಗೆ ಸಮೋಸ ಕರಿದ ಎಣ್ಣೆಯನ್ನು ಮರುದಿನವೂ ಕಾಯಿಸುವ ಅಭ್ಯಾಸವನ್ನಂತೂ ಬಿಡಲೇಬೇಕು.

ಭಾರತದಂಥ ದಕ್ಷಿಣ ಏಷ್ಯಾದ ದೇಶಗಳವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿಗೆ, ಉಳಿದ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲೇ ಬರುತ್ತದೆ ಎಂದು 2007ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ವರದಿ ಹೇಳಿತ್ತು. ಅಂದರೆ ಮಕ್ಕಳ ಓದು, ಮದುವೆ ಇನ್ನೂ ಮುಗಿದಿರದ ವಯಸ್ಸು. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ ಜೊತೆಗಿದ್ದರೆ ಇನ್ನೂ ಬೇಗ. ಮನೆಯಲ್ಲಿ ಯಾರಿಗಾದರೂ ಹೃದ್ರೋಗ ಇದ್ದರೆ ಉಳಿದವರೂ ಲಿಪಿಡ್ ಪರೀಕ್ಷೆ ಮಾಡಿಸಿಕೊಳ್ಳಿ.

ವರದಿಯಲ್ಲಿ ಅಂಕೆ ಇಳಿಯಿತೆಂದು ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಬಹಳ. ಇಳಿದದ್ದು ಮಾತ್ರೆಯಿಂದ, ವೈದ್ಯರನ್ನು ಕೇಳದೆ ಬಿಡಬೇಡಿ. ಎದೆ ಬಿಗಿದು ಬೆವರು ಕಿತ್ತು ಬಂದರೆ ‘ಗ್ಯಾಸ್’ ಅಂತ ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯುವುದೂ ಬೇಡ. ಕೂಡಲೇ ಇಸಿಜಿ ಸಿಗುವ ಆಸ್ಪತ್ರೆಗೆ ಹೋಗಿ, ಗಾಡಿಯನ್ನು ಬೇರೆಯವರು ಓಡಿಸಲಿ.